ತಪ್ಪೆಲ್ಲ ಕೆಪ್ಯಾಸಿಟರಿನದು

ನಮ್ಮ ತಂಡದ ಗಿಟಾರಿನವರ ಶ್ರದ್ಧಾಂಜಲಿ ಸಭೆಯಲ್ಲಿ ನನಗೂ ಎರಡು ಮಾತಾಡಲು ಹೇಳಿದ್ದರು. ಮೈಕು ಹಿಡಿದು, ಸರಳ ಜೀವಿ, ಸಂಗೀತವೇ ಉಸಿರು, ತುಂಬಲಾರದ ನಷ್ಟ ಎಂದು ಎಲ್ಲರೂ ಎಲ್ಲರ ಬಗ್ಗೆಯೂ ಹೇಳುವುದನ್ನೇ ಹೇಳಿ ಕೂತೆ. ಮೊದಲ ಸಾಲಿನಲ್ಲಿ ವೈನಿ, ಅಂದರೆ ಅವರ ಹೆಂಡತಿ, ಕೂತಿದ್ದರು. ಅವರ ಮುಂದೆ ಇನ್ನೇನು ಹೇಳಲಿ? ನಿಜ ಹೇಳಬೇಕೆಂದರೆ ಆ ಮನುಷ್ಯ ಕಡೆಯ ಎರಡು ವರ್ಷ ನನ್ನ ಜೀವ ಹಿಂಡಿ ಹಿಪ್ಪೆ ಮಾಡಿದ್ದರು. ಈಗಲೂ ಅವರನ್ನು ನೆನೆದರೆ ಮೊದಲು ಬರುವುದು ಸಿಟ್ಟು. ಅಳು ಅದರ ಹಿಂದೆ ನಿಧಾನವಾಗಿ ಬರುತ್ತದೆ.

ನಮ್ಮದೊಂದು ಹವ್ಯಾಸಿ ತಂಡ. ಪುಣೆಯ ಕನ್ನಡಿಗರ ಮದುವೆ, ಸೊಸೈಟಿಯ ಗಣಪತಿ, ನವೆಂಬರಿನ ರಾಜ್ಯೋತ್ಸವ, ಯಾರು ಕರೆದರೂ ಹೋಗಿ ಹಳೆಯ ಸಿನಿಮಾ ಹಾಡು ಹಾಡಿ ಬರುತ್ತೇವೆ. ಹಾಡುವವಳು ನಾನು. ಕೀಬೋರ್ಡಿಗೆ ಹಿಂಜವಡಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗ. ಗಿಟಾರಿಗೆ ಇವರು. ಧಾರವಾಡದ ಕಡೆಯವರು, ತಳೇಗಾಂವದ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದ ಇಂಜಿನಿಯರಾಗಿದ್ದು ನಿವೃತ್ತರಾದವರು. ನಮ್ಮ ಕಟ್ಟಡದಲ್ಲೇ, ನನ್ನ ಮನೆಯ ಕೆಳಗಿನ ಮನೆಯಲ್ಲಿ ಇದ್ದರು. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ. ಒಡಹುಟ್ಟಿದ ಅಣ್ಣನಿಗೆ ಮಾಡಿದ್ದಕ್ಕಿಂತ ಹೆಚ್ಚು ಜಗಳ ಅವರ ಹತ್ತಿರ ಮಾಡಿದ್ದೇನೆ.

ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಟೆಸ್ಟರ್. ಕಾರ್ಖಾನೆ ಬಿಟ್ಟರೂ ಟೆಸ್ಟರ್ ಬಿಡಲಿಲ್ಲ. ಗುಂಯ್‌ಗುಡುವ ಫ್ಯಾನು, ಮಿಣುಕುವ ಟ್ಯೂಬ್‌ಲೈಟು ಕಂಡರೆ ಅವರಿಂದ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಒಮ್ಮೆ ಲೋಣಾವಳಾ ಲೋಕಲ್ ರೈಲಿನಲ್ಲಿ ನಮ್ಮೊಂದಿಗೆ ಬರುವಾಗ, ತಲೆಯ ಮೇಲಿನ ಫ್ಯಾನು ಯಾವ ಸ್ವರದಲ್ಲಿ ಗೊಣಗುತ್ತಿದೆ ಎಂದು ಹೇಳಿ, ಅದೇ ಸ್ವರದಿಂದ ನನ್ನನ್ನು ಹಾಡಲು ಹಚ್ಚಿ, ಇಡೀ ಡಬ್ಬಿಯ ಮುಂದೆ ನನ್ನ ಮಾನ ಕಳೆದಿದ್ದರು. ಯಾವುದಾದರೂ ಸರಿಯಿಲ್ಲ ಅನ್ನಿಸಿದರೆ ಕಿರುಬೆರಳು ಎತ್ತಿ "ತಡೀ" ಅನ್ನುವುದು ಅವರ ರೂಢಿ. ಆ ಕಿರುಬೆರಳು ಎದ್ದಿತೆಂದರೆ ಆ ಸಂಜೆಯ ಅಭ್ಯಾಸ ಮುಗಿಯಿತು ಎಂದೇ ಅರ್ಥ.

ಕೆಪ್ಯಾಸಿಟರ್ ಎಂಬ ಶಬ್ದ ನಾನು ಶಾಲೆಯಲ್ಲಿ ಬಿಟ್ಟು ಬಂದಿದ್ದೆ. ಅವರ ದೆಸೆಯಿಂದ ಅದು ಮತ್ತೆ ಬೆನ್ನು ಹತ್ತಿತು. ಎಲೆಕ್ಟ್ರಿಕ್ ಗಿಟಾರಿನ ಮೈಮೇಲೆ ತಿರುಗಿಸುವ ನಾಬುಗಳಿರುತ್ತವಲ್ಲ, ಅವುಗಳಲ್ಲಿ ಟೋನ್ ಎಂಬುದೊಂದರ ಹಿಂದೆ ಹುಣಸೆಬೀಜದಷ್ಟು ದೊಡ್ಡ ಒಂದು ಕೆಪ್ಯಾಸಿಟರ್ ಕೂತಿರುತ್ತದೆ. ದನಿಯಲ್ಲಿರುವ ಚುರುಕನ್ನು, ಆ ಹೊಳಪಿನ ಅಂಶವನ್ನು, ಅದು ತನ್ನ ಮೂಲಕ ಹೊರಗೆ ಹರಿಸಿಬಿಡುತ್ತದೆ. ದೊಡ್ಡ ಬೆಲೆಯದು ಹಾಕಿದರೆ ಹೆಚ್ಚು ಹರಿದುಹೋಗಿ ದನಿ ಮಂಕು; ಸಣ್ಣದು ಹಾಕಿದರೆ ಕಡಿಮೆ ಹರಿದು ದನಿ ಚುರುಕು. ಇಷ್ಟೇ. ಇದನ್ನು ಅವರು ನನಗೆ ಎಷ್ಟು ಸಲ ವಿವರಿಸಿದರೆಂದರೆ, ಬ್ಯಾಂಕಿನ ಕೌಂಟರಿನಲ್ಲಿ ಕೂತಾಗ ಗ್ರಾಹಕರಿಗೆ ನಾನೇ ಇದನ್ನು ಹೇಳಿಬಿಡುತ್ತೇನೋ ಎಂದು ಹೆದರಿಕೆಯಾಗುತ್ತಿತ್ತು.

ನಾನು ಬ್ಯಾಂಕಿನಲ್ಲಿ ದಿನವಿಡೀ ಮಾತಾಡಿ, ಇದ್ದ ದನಿ ಉಳಿಸಿಕೊಂಡು ಸಂಜೆ ಅಭ್ಯಾಸಕ್ಕೆ ಅವರ ಮನೆಗೆ ಇಳಿದು ಬಂದರೆ, ಅಲ್ಲಿ ಗಿಟಾರು ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿತ್ತು. ಒಳಗಿನಿಂದ ಎರಡು ವೈರು ಹೊರಗೆ ಬಂದು, ತುದಿಗೆ ಕಚ್ಚಿಕೊಳ್ಳುವ ಕ್ಲಿಪ್ಪು. ಮೇಜಿನ ಮೇಲೆ ಹಸಿರು, ಕಂದು, ಹಳದಿ ಕೆಪ್ಯಾಸಿಟರುಗಳ ಸಂತೆ. ಮೈಮೇಲೆ ಬರೆದ ಬೆಲೆಯ ಅಂಕಿ ಓದಿ ಒಂದನ್ನು ಕಚ್ಚಿಸಿ ಬಾರಿಸುವುದು, ತೆಗೆಯುವುದು, ಇನ್ನೊಂದನ್ನು ಕಚ್ಚಿಸುವುದು. "ಇದು ನಾಕ-ಏಳ-ಮೂರು ಅದ. ಇದು ಎರಡ-ಎರಡ-ಮೂರು. ಫರಕ ಕೇಳಸ್ತೇನು ತಂಗೀ?" ನನಗೆ ಕೇಳಿಸುತ್ತಿದ್ದದ್ದು ನನ್ನ ಹೊಟ್ಟೆ ಹಸಿದ ಸದ್ದು ಮಾತ್ರ.

ಒಮ್ಮೆ ನನ್ನನ್ನೂ ಬುಧವಾರ ಪೇಠೆಗೆ ಎಳೆದುಕೊಂಡು ಹೋದರು. ನನಗೆ ಲಕ್ಷ್ಮೀ ರಸ್ತೆಯಲ್ಲಿ ಸೀರೆಗೆ ಫಾಲ್ ಹಚ್ಚಲು ಕೊಡುವುದಿತ್ತು. "ದಾರ್ಯಾಗ ಅದ ತಂಗೀ, ಐದ ಮಿನಿಟಿನ ಕೆಲಸ," ಎಂದರು. ಅಂಗಡಿಯವನು ಇವರ ಮುಖ ಕಂಡವನೇ "ಕಾಕಾ, ಪುನ್ಹಾ?" ಎಂದು ಹಣೆ ಒತ್ತಿಕೊಂಡ. ಮತ್ತೆ ಬಂದಿರಾ ಎಂದು. ಇವರು ಕೌಂಟರಿನ ಮೇಲೆ ಕೆಪ್ಯಾಸಿಟರ್ ಸುರಿಸಿಕೊಂಡು, ಜೇಬಿನಿಂದ ಮೀಟರ್ ತೆಗೆದು, ತೊಗರಿಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದನ್ನೂ ಅಳೆಯತೊಡಗಿದರು. ಅವನು "ಕಾಕಾ, ಸಗಳೇ ಸಾರಖೇಚ್ ಆಹೇತ್" ಅಂದ. ಎಲ್ಲಾ ಒಂದೇ ಕಾಕಾ ಎಂದರೂ ಇವರು ಕೇಳಬೇಕಲ್ಲ! ಮೈಮೇಲೆ ಬರೆದ ಬೆಲೆ ಬೇರೆ, ಒಳಗಿನ ಬೆಲೆ ಬೇರೆ ಎಂದು ಅವನಿಗೇ ಪಾಠ ಶುರುವಾಯಿತು. ಆ ಪಾಠ ಮುಗಿಯುವಷ್ಟರಲ್ಲಿ ಲಕ್ಷ್ಮೀ ರಸ್ತೆಯ ನನ್ನ ಅಂಗಡಿಯವನು ಬಾಗಿಲೆಳೆದು ಊಟಕ್ಕೆ, ಊಟದ ಮೇಲಿನ ನಿದ್ದೆಗೆ ಹೋಗಿದ್ದ. ಪುಣೆಯ ಅಂಗಡಿಗಳು ಮಧ್ಯಾಹ್ನ ಮಲಗುತ್ತವೆ ಎಂಬುದು ಹಸುಗೂಸಿಗೂ ಗೊತ್ತು. ಇವರಿಗೆ ಗೊತ್ತಿರಲಿಲ್ಲವೇ? ಫಾಲ್ ಇಲ್ಲದ ಸೀರೆಯನ್ನು ಚೀಲದಲ್ಲಿ ಹಾಗೇ ಹೊತ್ತು ತಂದೆ, ದಾರಿಯುದ್ದಕ್ಕೂ ಮಾತಾಡಲಿಲ್ಲ. ನಾನು ಸಿಟ್ಟಾಗಿದ್ದೇನೆಂದು ಅವರ ಗಮನಕ್ಕೇ ಬರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದದ್ದು ಇದನ್ನೇ. ವಯಸ್ಸಾಯಿತು, ಬೆರಳು ಮೊದಲಿನ ಹಾಗೆ ಓಡುತ್ತಿಲ್ಲ, ತಪ್ಪು ಕೆಪ್ಯಾಸಿಟರಿನ ಮೇಲೆ ಹಾಕುತ್ತಾರೆ ಎಂದು. ಆದರೆ ಬೆರಳು ಓಡುತ್ತಿತ್ತು. ಅದು ನಮಗೂ ಗೊತ್ತಿತ್ತು. ಸಿಟ್ಟಿನಲ್ಲಿ ನ್ಯಾಯ ಎಲ್ಲಿಯದು!

ಅವರು ಮೊದಲಿನಿಂದ ಹೀಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಮೊದಲು ಅವರಿಗೆ ಮೀಟರೂ ಬೇಕಿರಲಿಲ್ಲ, ಯಾಕೆಂದರೆ ವೈನಿ ಇದ್ದರು. ವೈನಿಗೆ ಒಂದು ಸಾಲು ಹಾಡಲು ಬಾರದು, ಆದರೆ ಕಿವಿ ಮಾತ್ರ ದೇವರು ಕೊಟ್ಟದ್ದು. ಹಿಂದೊಮ್ಮೆ ಅಭ್ಯಾಸ ನಡೆದಾಗ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು "ಎರಡನೇ ತಂತಿ ಚೂರು ಇಳದದ ನೋಡ್ರಿ" ಎಂದು ಹೇಳಿ ಒಳಗೆ ಹೋಗಿದ್ದರು. ನಮ್ಮಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ತಂತಿ ನಿಜಕ್ಕೂ ಇಳಿದಿತ್ತು. ಅಣ್ಣಾರು ಅಡುಗೆಮನೆಯತ್ತ ಬೆರಳು ತೋರಿಸಿ, "ನಮ್ಮ ಮೀಟರ್ ಒಳಗದ," ಎಂದು ಹೆಮ್ಮೆಯಿಂದ ನಕ್ಕಿದ್ದರು. ಯಾವ ಹಾಡು ಕಲಿತರೂ ಮೊದಲು ಬಾರಿಸುವುದು ಆ ಬಾಗಿಲಿನ ಕಡೆ ಮುಖ ಮಾಡಿ. "ಹೆಂಗದ?" ಎಂದು ಕೇಳಿ, "ಛಂದ ಅದ" ಎಂಬುದು ಬಂದ ಮೇಲೆಯೇ ಮುಂದಿನ ಕೆಲಸ.

ಒಂದು ದಿನ ಆ ಬಾಗಿಲಿನಿಂದ ಬೇರೆ ಉತ್ತರ ಬಂತು. ನಾನು ಅಲ್ಲೇ ಕೂತಿದ್ದೆ. "ಯಾಕೋ ಮಂಕ ಆಗೇದಲ್ಲರೀ. ತಂತಿ ಹಳೇವಾದ್ವೇನು?" ಎಂದರು ವೈನಿ. ತಂತಿ ಅವತ್ತೇ ಬೆಳಿಗ್ಗೆ ಹಾಕಿದ್ದು, ಫಳಫಳ ಹೊಳೆಯುತ್ತಿತ್ತು, ದನಿಯೂ ಹಾಗೇ ಇತ್ತು. ಅಣ್ಣಾರು ತಂತಿ ನೋಡಿದರು, ಹೆಂಡತಿಯ ಮುಖ ನೋಡಿದರು. ಆಮೇಲೆ ತೀರಾ ಸಹಜವಾಗಿ, "ಕೆಪ್ಯಾಸಿಟರ್ ಕೆಟ್ಟಿರಬೇಕು," ಎಂದರು. ನಮ್ಮ ಪೀಡೆ ಶುರುವಾದದ್ದು ಅವತ್ತು.

ಕೀಬೋರ್ಡಿನ ಹುಡುಗ ಓದಿಕೊಂಡವನು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ: "ಸರ್, ಟೋನ್ ನಾಬು ಫುಲ್ ಓಪನ್ ಇಟ್ಟಿದೀರಲ್ಲ, ಆಗ ಒಳಗೆ ಯಾವ ಕ್ಯಾಪ್ ಇದ್ರೂ ಅಷ್ಟೇನೂ ಡಿಫರೆನ್ಸ್ ಬರಲ್ಲ ಅಲ್ವಾ?" ನಾನು ಒಂದು ಮಹಾ ಜಗಳಕ್ಕೆ ಸಿದ್ಧಳಾಗಿ ನೆಟ್ಟಗೆ ಕೂತೆ. ಅವರು ಸೋಲ್ಡರಿಂಗ್ ಐರನ್ನಿನ ತುದಿ ಒರೆಸುತ್ತ, "ಬರೂದಿಲ್ಲಪಾ. ಗೊತ್ತದ," ಎಂದರು. ಅಷ್ಟೇ. ಮತ್ತೆ ಇನ್ನೊಂದು ಕೆಪ್ಯಾಸಿಟರ್ ಕಚ್ಚಿಸಿದರು. ಗೊತ್ತಿದ್ದೂ ಮಾಡುವವರಿಗೆ ಏನು ಹೇಳುವುದು?

ಕೊನೆಗೊಮ್ಮೆ, ಚುರುಕು ಚೂರೂ ಹರಿದುಹೋಗದಿರಲೆಂದು, ಕೆಪ್ಯಾಸಿಟರಿಗೆ ಹೋಗುವ ಟೋನಿನ ವೈರನ್ನೇ ಕತ್ತರಿಸಿ ಒಗೆದರು. ಜೊತೆಗೆ ಆಂಪ್ಲಿಫೈಯರಿನಲ್ಲಿ ಚುರುಕು ಹೆಚ್ಚಿಸುವ ನಾಬನ್ನು ತುದಿಗೆ ತಿರುವಿಟ್ಟರು. ಆ ಸಲದ ರಾಜ್ಯೋತ್ಸವದಲ್ಲಿ ಗಿಟಾರು ಹೊರಡಿಸಿದ ದನಿ ತಗಡಿನ ಮೇಲೆ ಮೊಳೆ ಗೀರಿದ ಹಾಗಿತ್ತು. ನಾನು ಹಾಡುತ್ತಿದ್ದೆ, ಅದು ನನ್ನ ದನಿಯ ಮೇಲೆಯೇ ಹತ್ತಿ ಕೂತಿತ್ತು. ಸಭೆಯಲ್ಲಿ ಜನ ಕಿವಿಗೆ ಬೆರಳಿಟ್ಟುಕೊಂಡದ್ದನ್ನು ಕಣ್ಣಾರೆ ಕಂಡೆ. ಸೌಂಡಿನವನು ಇಳಿಸಿದ, ಇವರು ಏರಿಸಿದರು. ನಾನು ಹಾಡಿನ ನಡುವೆ ಕಣ್ಣು ಕೆಕ್ಕರಿಸಿದರೂ ಇವರು ನನ್ನ ಕಡೆ ನೋಡಲೇ ಇಲ್ಲ. ಮೊದಲ ಸಾಲಿನಲ್ಲಿ ವೈನಿ ಒಬ್ಬರೇ ಮುಖ ಅರಳಿಸಿಕೊಂಡು ಕೂತಿದ್ದರು. ಮುಗಿದ ಮೇಲೆ ವೇದಿಕೆಯ ಹತ್ತಿರ ಬಂದು, "ಈಗ ಛಂದ ಆತು ನೋಡ್ರಿ!" ಎಂದರು. ಇವರು ಹೊಸ ಮದುಮಗನ ಹಾಗೆ ನಕ್ಕರು. ನನ್ನ ಹಾಡಿನ ಬಗ್ಗೆ ವೈನಿ ಒಂದು ಮಾತೂ ಆಡಲಿಲ್ಲ. ನಾನು ಅವತ್ತು ಊಟ ಮಾಡದೆ ರಿಕ್ಷಾ ಹಿಡಿದು ಮನೆಗೆ ಬಂದೆ.

ಇನ್ನು ಈ ತಂಡದಲ್ಲಿ ಇವರು ಇರಬೇಕು, ಇಲ್ಲ ನಾನು ಇರಬೇಕು ಎಂದು ಹೇಳಲೆಂದೇ ಆ ಭಾನುವಾರ ಅವರ ಮನೆಗೆ ಹೋದೆ. ಅವರು ಹಾಲಿನಲ್ಲಿ ಪೇಪರು ಹಿಡಿದಿದ್ದರು. ವೈನಿ ಅಡುಗೆಮನೆಯ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಅವರ ಪಕ್ಕದಲ್ಲೇ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚದೆ ಪಿಂಯ್, ಪಿಂಯ್ ಎಂದು ಕೂಗಿಕೊಳ್ಳುತ್ತಿತ್ತು. ಹೊರಗೆ ಕೂತ ನನಗೆ ತಲೆನೋವು ಬರುವ ಹಾಗೆ ಕೇಳಿಸುತ್ತಿದ್ದದ್ದು, ಮೊಳದಷ್ಟು ದೂರದಲ್ಲಿ ನಿಂತ ವೈನಿಗೆ ಕೇಳಿಸುತ್ತಿರಲಿಲ್ಲ. ಅಣ್ಣಾರು ಪೇಪರು ಇಟ್ಟು ಎದ್ದು ಹೋಗಿ, ನೀರು ಕುಡಿಯಲು ಬಂದವರ ಹಾಗೆ ಬಾಟಲಿ ತೆಗೆದು, ಬಾಗಿಲು ಮುಚ್ಚಿ ಬಂದರು. ವೈನಿ ಸೊಪ್ಪಿನಿಂದ ತಲೆ ಎತ್ತಲಿಲ್ಲ. ಇದು ಅವರಿಗೆ ಎಷ್ಟು ರೂಢಿಯಾಗಿತ್ತು ಎಂಬುದು ಅವರು ನಡೆದ ರೀತಿಯಲ್ಲೇ ತಿಳಿಯಿತು.

ನಾನು ಬಂದ ಕೆಲಸ ಮರೆತೆ. "ಅಣ್ಣಾರ, ವೈನಿಗೆ ಕಿವಿ..." ಎಂದು ಬಾಯಿ ತೆಗೆದೆ.

"ಹಗೂರ ಮಾತಾಡು, ಆಕಿ ಕೇಳ್ಯಾಳು," ಎಂದರು ಥಟ್ಟನೆ. ತಾವು ಏನಂದೆವೆಂದು ಅವರಿಗೂ ತಿಳಿದು ಮುಖ ಸಣ್ಣದಾಯಿತು.

ಬಾಲ್ಕನಿಗೆ ಕರೆದುಕೊಂಡು ಹೋಗಿ ಹೇಳಿದರು. ವೈನಿಯ ತಾಯಿಗೆ ಕಿವಿ ಹೋಗಿತ್ತಂತೆ. ತುಂಬಿದ ಮನೆಯಲ್ಲಿ ಆ ಮುದುಕಿಯನ್ನು ಕಿವುಡಿ ಎಂದೇ ಕರೆಯುತ್ತಿದ್ದರಂತೆ, ಎದುರಿಗೇ ಆಡಿಕೊಂಡು ನಗುತ್ತಿದ್ದರಂತೆ. ಮದುವೆಯಾದ ಹೊಸತರಲ್ಲೇ ವೈನಿ, ನನಗ ಹಂಗ ಆಗೂ ಮೊದಲ ದೇವರು ಕರಕೊಂಡ್ರ ಸಾಕು, ಎಂದಿದ್ದರಂತೆ.

"ಆಕಿ ಮಂಕ ಅದ ಅಂದಾಗ ನಾ ಏನನ್ಲಿ ತಂಗೀ? ಒಮ್ಮೆ ಗಿಟಾರಿನ ಮ್ಯಾಲ ಹಾಕಿದೆ. ಈಗ ಹೆಂಗ ವಾಪಸ್ ತಗೀಲಿ?"

"ಅದಕ್ಕ ನಮ್ಮೆಲ್ಲಾರ ಕಿವಿ ಕಿತ್ತ ಇಡ್ತೀರೇನು?"

"ಗಿಟಾರಿಗೆ ಬೈರಿ, ನನಗ ಬೈರಿ. ನಡೀತದ."

"ಕಣ್ಣು ಮಂಜಾದ್ರ ಚಷ್ಮಾ ಹಾಕ್ಕೊಳ್ಳೋದಿಲ್ಲೇನ್ರಿ? ಕಿವಿಗೂ ಮಷೀನ್ ಬರ್ತದ. ಇಂಜಿನಿಯರ್ ಆಗಿ ಇಷ್ಟು ಗೊತ್ತಿಲ್ಲೇನು ನಿಮಗ? ನೀವು ಹೇಳ್ರಿ, ಇಲ್ಲಾ ನಾ ಹೇಳ್ತೀನಿ."

"ನಾ ಹೇಳ್ತೀನಿ. ನೀ ಮಾತ್ರ ಹೇಳಬ್ಯಾಡ. ಆಕಿಗೆ ಅದು ನನ್ನ ಬಾಯಿಂದನ ಕೇಳಬೇಕು. ದಸರಾ... ಅಲ್ಲ, ಅದು ಮುಗದದ. ಸಂಕ್ರಮಣ ಆಗ್ಲಿ."

ನೆಲ ಡೊಂಕು ಎಂದು ಈ ಮಹಾನುಭಾವ ಇಷ್ಟು ದಿನ ಹೇಳುತ್ತಿದ್ದದ್ದು ತನಗಾಗಿ ಅಲ್ಲ, ಹೆಂಡತಿಗಾಗಿ. ಇದು ತಿಳಿದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಇಮ್ಮಡಿಯಾಯಿತು. ಮೊದಲು ಬರೀ ನನ್ನ ಸಂಜೆಗಳು ಹಾಳಾಗುತ್ತಿದ್ದವು, ಈಗ ವೈನಿಯ ದಿನಗಳೂ ಹಾಳಾಗುತ್ತಿರುವುದು ಕಾಣುತ್ತಿತ್ತು. ನಾನು ಮಾತಾಡಿದ್ದಕ್ಕೆಲ್ಲ ಅವರು ನಗುತ್ತ ತಲೆಯಾಡಿಸುವುದು, ಮಗಳ ಫೋನು ಬಂದರೆ "ನೀವ ಮಾತಾಡ್ರಿ" ಎಂದು ಗಂಡನ ಕೈಗೆ ಕೊಡುವುದು, ನಾಲ್ಕು ಜನ ಸೇರಿದಲ್ಲಿ ಚಹಾ ಮಾಡುವ ನೆಪದಲ್ಲಿ ಒಳಗೆ ಸೇರಿಕೊಳ್ಳುವುದು, ಎಲ್ಲ ಈಗ ಅರ್ಥವಾಗತೊಡಗಿತು. ಇಷ್ಟಕ್ಕೂ ಇವರ ಉಪಾಯ ಏನು? ಗಿಟಾರಿಗೆ ಸೋಲ್ಡರ್ ಹಾಕುವುದು! ನೆಗಡಿಯಾದವಳ ಮೂಗು ಬಿಟ್ಟು ಹೂವಿಗೆ ಅತ್ತರು ಬಳಿದ ಹಾಗೆ.

ಸಂಕ್ರಮಣವಾಯಿತು. ಎಳ್ಳು ಬೆಲ್ಲ ಕೊಡಲು ಬಂದವರನ್ನು ಬಾಗಿಲಲ್ಲೇ ಹಿಡಿದು, "ಹೇಳಿದ್ರೇನು?" ಎಂದೆ. "ಯುಗಾದಿ ಆಗ್ಲಿ," ಎಂದರು. ಯುಗಾದಿಗೆ ಕೇಳಿದರೆ ಗಣಪತಿ ಎಂದರು. ಬಿಸಿಲು ಭಾಳ, ಆಕಿ ತ್ರಾಸ ಮಾಡ್ಕೊತಾಳ ಎಂದರು. ಆಕಿ ಹಾಲುಗಲ್ಲದ ಕೂಸೇ? ಮಳೆಗಾಲದ ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದು, ಕುರ್ಚಿಯಲ್ಲಿ ಕೂತವರು ಹೃದಯ ನಿಂತು ಮತ್ತೆ ಏಳಲಿಲ್ಲ; ವೈನಿ ಅಡುಗೆಮನೆಯಲ್ಲಿದ್ದರು. ಕೂತಲ್ಲಿಂದ ವೈನಿಯನ್ನು ಕೂಗಿದ್ದರೋ ಇಲ್ಲವೋ, ಅದು ಯಾರಿಗೂ ಗೊತ್ತಿಲ್ಲ. ಆ ಬಗ್ಗೆ ಯೋಚಿಸಬಾರದೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಮಗಳು ದೌಂಡದಲ್ಲಿ ಇದ್ದಾಳೆ, ಅಳಿಯ ರೇಲ್ವೆಯಲ್ಲಿ. ದಿನಕರ್ಮಗಳು ಮುಗಿದ ಮೇಲೆ ಆಕೆ ತಾಯಿಯನ್ನು ಕರೆದುಕೊಂಡು ಹೋಗಿ, ಮುಲಾಜಿಲ್ಲದೆ ಕಿವಿ ಪರೀಕ್ಷೆ ಮಾಡಿಸಿ, ಮಷೀನ್ ಹಾಕಿಸಿದಳು. ಅದಕ್ಕೆ ಯಾವ ಹಬ್ಬವೂ ಬೇಕಾಗಲಿಲ್ಲ. ಹೋದ ವಾರ ವೈನಿ ತಮ್ಮ ಸಾಮಾನು ತೆಗೆದುಕೊಳ್ಳಲು ಪುಣೆಗೆ ಬಂದವರು ನನ್ನ ಮನೆಗೂ ಬಂದರು. ಕಿವಿಯ ಹಿಂದೆ ಅವರೆಕಾಳಿನಷ್ಟು ಸಣ್ಣ ಮಷೀನು. ಕೂದಲು ಸರಿಸಿ ತಾವೇ ತೋರಿಸಿದರು. ನಾಚಿಕೆ ಇಲ್ಲ, ಸಂಕೋಚ ಇಲ್ಲ. "ಚಷ್ಮಾ ಇದ್ದಂಗ ಅದ ನೋಡು," ಎಂದರು. ನನಗೆ ಹಣೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಚಹಾ ಕುಡಿದಾದ ಮೇಲೆ, "ನಿನ್ನ ಮೊಬೈಲದಾಗ ಅವರು ಬಾರಿಸಿದ್ದು ಏನರೆ ಅದ ಏನು?" ಎಂದು ಕೇಳಿದರು. ಆ ರಾಜ್ಯೋತ್ಸವ ಆದ ಮೇಲಿನ ಒಂದು ಅಭ್ಯಾಸದ ಧ್ವನಿಮುದ್ರಣ ಇತ್ತು. ಹಚ್ಚಿದೆ. ಗಿಟಾರು ಶುರುವಾದದ್ದೇ ತಡ, ವೈನಿ ಬೆಚ್ಚಿ ಕಿವಿಯ ಮೇಲೆ ಕೈಯಿಟ್ಟರು.

"ಅಯ್ಯ ಶಿವನ! ಎಷ್ಟು ಕರ್ಕಶ! ಹಿಂಗ ಬಾರಸ್ತಿದ್ರೇನು?"

"ಹೌದ್ರಿ ವೈನಿ."

"ಯಾರೂ ಅವರಿಗೆ ಹೇಳಲಿಲ್ಲೇನು?"

"ದಿನಾ ಹೇಳ್ತಿದ್ವಿ."

"ಮತ್ತ ಯಾಕ..." ಎಂದು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು. "ನನ್ನ ಸಲುವಾಗಿ?"

ನಾನು ಎಲ್ಲವನ್ನೂ ಹೇಳಿದೆ. ಮೊದಲ ದಿನದ ಸುಳ್ಳು, ಫ್ರಿಜ್ಜು, ಬಾಲ್ಕನಿಯ ಮಾತು, ಮುಂದಕ್ಕೆ ಹಾಕಿದ ಹಬ್ಬಗಳು. ಅಳುತ್ತಾರೆ ಎಂದುಕೊಂಡಿದ್ದೆ. ವೈನಿಗೆ ಬಂದದ್ದು ಸಿಟ್ಟು. ಇಷ್ಟು ವರ್ಷದಲ್ಲಿ ಅವರು ಹಾಗೆ ಸಿಟ್ಟಾದದ್ದು ನಾನು ಕಂಡಿರಲಿಲ್ಲ.

"ಎಂಥಾ ಹುಚ್ಚ ಮನಷ್ಯಾ ಅಂತೀನಿ! ಗಿಟಾರ್ ಯಾರಿಗೆ ಬೇಕಾಗಿತ್ತು? ಊಟಕ್ಕ ಕೂತಾಗ ಏನೇನೋ ಹೇಳ್ತಿದ್ರು. ತಾವ ನಗ್ತಿದ್ರು, ನಾನೂ ನಗ್ತಿದ್ದೆ. ಏನ್ ಹೇಳಿದ್ರು ಅಂತ ಒಂದೂ ನನಗ ಗೊತ್ತಿಲ್ಲ. ಎರಡು ವರ್ಷದ ಮಾತು, ತಂಗೀ! ಒಂದ ಮಾತು ಹೇಳಿದ್ರ ಅಷ್ಟೂ ನನಗ ಸಿಗ್ತಿತ್ತಲ್ಲ."

ಮೊಬೈಲು ಇನ್ನೂ ಓಡುತ್ತಲೇ ಇತ್ತು. ಅದರಲ್ಲಿ ಗಿಟಾರು ನಿಂತು ಅವರ ದನಿ ಬಂತು. "ತಂಗೀ, ನೀ ಸಿಟ್ಟಿಗೇಳಬ್ಯಾಡ. ಮಳಿ ಬರೂ ಹಂಗದ, ಹೆಂಗೂ ನೀ ಎಲ್ಲೂ ಹೋಗಂಗಿಲ್ಲ. ಬ್ಯಾರೆ ತಂತಿ ಹಾಕಿ ನೋಡೂಣು. ಚಹಾ ಆತೇನು ಕೇಳು ವೈನಿಗೆ." ಆಮೇಲೆ ನನ್ನದು, "ಅಣ್ಣಾರ, ಸಾಕ್ ಮಾಡ್ರಿ," ಎಂದು ಸಿಡುಕಿದ್ದು. ಇದನ್ನು ದಾಟಿಸಿ ಹಾಡಿಗೆ ಹೋಗೋಣವೆಂದು ನಾನು ಕೈ ಚಾಚಿದೆ.

ವೈನಿ ನನ್ನ ಮುಂಗೈ ಹಿಡಿದುಕೊಂಡರು. "ಬಾರಸೂದು ಬ್ಯಾಡ. ಮಾತಾಡೂದು ಹಚ್ಚು."

ಹಿಂದಕ್ಕೆ ಎಳೆದು ಹಚ್ಚಿದೆ. ಅವರು ಮೊಬೈಲಿನ ಮೇಲೆ ಬಗ್ಗಿ, ಒಂದೊಂದೇ ಶಬ್ದಕ್ಕೆ ತುಟಿ ಆಡಿಸುತ್ತ ಕೇಳಿದರು. ಚಹಾ ಆಯಿತೇ ಎಂದು ಕೇಳು ಎಂಬಲ್ಲಿಗೆ ಬಂದಾಗ, "ಆಗೇದ, ತರ್ತೀನ್ರಿ," ಎಂದರು ಮೊಬೈಲಿಗೆ. ಗಿಟಾರು ಶುರುವಾದ ಕೂಡಲೇ ಕೈ ಎತ್ತಿ ನಿಲ್ಲಿಸಿದರು. ಮತ್ತೆ ಅದನ್ನೇ ಹಚ್ಚು ಎಂದರು.